ಪ್ರಾಣಿದಯೆಯ ಪಾಠಕ್ಕೆ ಕಟ್ಟಿಹಾಕಿದ ನಾಯಿಮರಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬ್ಯಾಡಗಿಯಿಂದ ಕಾಗಿನೆಲೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಮೂರನೇ ಇಯತ್ತೆಗೆ ಕಲಿಸುತ್ತಿದ್ದೆ. ಮನೆ ರಾಣೆಬೆನ್ನೂರಿನಲ್ಲಿ. ದಿನಾ ಎರಡು ಬಸ್ಸು ಬದಲಿಸಿ ಬರಬೇಕು. ಮೆಣಸಿನಕಾಯಿ ಸುಗ್ಗಿಯಲ್ಲಂತೂ ಬಸ್ಸಿನೊಳಗೆ ಡ್ರೈವರನಿಂದ ಹಿಡಿದು ಬುಟ್ಟಿಯ ಕೋಳಿಯವರೆಗೆ ಎಲ್ಲರೂ ಸೀನುವವರೇ. ಹೇಗಾದರೂ ಊರಿಗೆ ವರ್ಗ ಮಾಡಿಸಿಕೊಳ್ಳಬೇಕು ಅಂತ ನನ್ನ ಆಸೆ. ಅದಕ್ಕೆ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ನಾಲ್ಕು ಒಳ್ಳೆಯ ಮಾತು ಬರೆಯಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ಹೇಸಿಗೆ ಕೆಲಸಕ್ಕೆ ಇದ್ದ ನೆಪ ಇದೊಂದೇ.

ತಪಾಸಣೆಗೆ ಮಾದರಿ ಪಾಠ ಮಾಡಬೇಕಿತ್ತು. ವಿಷಯ ಪ್ರಾಣಿದಯೆ. ನಾನು ಪಾಠದ ಟಿಪ್ಪಣಿ ಬರೆದು ಒಯ್ದರೆ ಹೆಡ್ಮಾಸ್ತರು ಎಲೆಅಡಿಕೆ ಬಾಯಿಯಲ್ಲೇ ಓದಿ, ಸುಣ್ಣದ ಬೆರಳನ್ನು ಆಫೀಸಿನ ಪರದೆಗೆ ಒರೆಸಿದರು. ಆ ಪರದೆ ಅವರ ಕಾಲದಲ್ಲಿ ಒಮ್ಮೆಯೂ ನೀರು ಕಂಡಿರಲಿಲ್ಲ.

"ಚಿತ್ರ ತೋರಿಸಿದ್ರ ಏನ ಬಂತ್ರಿ ಬಾಯಾರ? ಒಂದು ಜೀವಂತ ನಾಯಿಮರಿ ತರಸ್ರಿ. ಸಾಹೇಬರ ಮುಂದ ಅದಕ್ಕ ಹಾಲು ಹಾಕ್ರಿ. ನೋಡಿದವ್ರ ಕಣ್ಣಾಗ ನೀರು ಬರಬೇಕು."

ಪಾಠೋಪಕರಣಗಳ ಸಾಲಿನಲ್ಲಿ ಸೀಮೆಸುಣ್ಣ, ಕಪ್ಪುಹಲಗೆ, ಅವುಗಳ ಕೆಳಗೆ ನಾಯಿಮರಿ ಅಂತ ತಾವೇ ಬರೆದರು. ಆಮೇಲೆ ಮುಖ್ಯ ಸೂಚನೆ: "ಮುಂಜಾನಿಂದ ಅದಕ್ಕ ಏನೂ ಹಾಕಬ್ಯಾಡ್ರಿ. ಹೊಟ್ಟಿ ತುಂಬಿದ್ರ ಹಾಲು ಮೂಸಿ ನೋಡಿ ಹೋಗಿಬಿಡತೈತಿ. ನಮ್ಮ ಮರ್ಯಾದಿ ಹೋಗತೈತಿ."

ನಾನು ಹೂಂ ಅಂದೆ.

ತಪಾಸಣೆಯ ದಿನ ಮರಿ ತಂದವಳು ನನ್ನ ಕ್ಲಾಸಿನ ಹುಡುಗಿ, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯವಳ ಮಗಳು. ಕಂದು ಬಣ್ಣದ ಮರಿ, ಒಂದು ಕಿವಿ ಮಡಚಿಕೊಂಡಿತ್ತು. ತನ್ನ ಲಂಗದಲ್ಲಿ ಸುತ್ತಿಕೊಂಡು ತಂದಳು. ನಾನು ಅದನ್ನು ಮೇಜಿನ ಕಾಲಿಗೆ ಕಟ್ಟಿ, ಹಾಲಿನ ಬಟ್ಟಲನ್ನು ಮೇಜಿನ ಮೇಲೆ ಮುಚ್ಚಿಟ್ಟೆ. ಸಾಹೇಬರು ಹತ್ತಕ್ಕೆ ಬರುವವರು. ಹನ್ನೆರಡಾಯಿತು, ಒಂದಾಯಿತು, ಬರಲಿಲ್ಲ. ಹಾಲಿನ ವಾಸನೆ ಹಿಡಿದ ಮರಿ ಮೇಲೆ ನೋಡಿ ನೋಡಿ ಕುಂಯ್‌ಗುಟ್ಟುತ್ತಿತ್ತು.

"ಅಕ್ಕೋರ, ಒಂಚೂರು ಹಾಕ್ಲೇನ್ರಿ?" ಎಂದಳು ಆ ಹುಡುಗಿ.

"ತಡಿ. ಸಾಹೇಬರು ಬರ್ಲಿ."

"ಅದಕ್ಕ ಸಾಹೇಬರು ಗೊತ್ತಿಲ್ರಿ."

ಮಕ್ಕಳೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಊಟದ ಬಿಡುವಿನಲ್ಲಿ ನಾನು ತಿರುಗಿ ಬಂದಾಗ ಆ ಹುಡುಗಿ ಮೇಜಿನ ಕೆಳಗೆ ಕೂತು ತನ್ನ ರೊಟ್ಟಿಯ ತುಣುಕನ್ನು ಮರಿಯ ಬಾಯಿಗೆ ಇಡುತ್ತಿದ್ದಳು. ತುಣುಕನ್ನು ಕಸಿದುಕೊಂಡೆ. ಫೂಟುಪಟ್ಟಿಯಿಂದ ಅವಳ ಅಂಗೈಗೆ ಎರಡು ಏಟು ಕೊಟ್ಟೆ. ಹಿಂದಿನ ಹಲಗೆಯ ಮೇಲೆ ನನ್ನ ದುಂಡಗಿನ ಅಕ್ಷರದಲ್ಲೇ ಬರೆದಿತ್ತು: ಪ್ರಾಣಿಗಳಲ್ಲಿ ದಯೆ ಇರಲಿ.

ಸಾಹೇಬರು ಬಂದದ್ದು ಮೂರಕ್ಕೆ. ಆಫೀಸಿನಲ್ಲಿ ಉಪ್ಪಿಟ್ಟು, ಮಿರ್ಚಿ, ಎರಡು ಸಲ ಚಹಾ ಮುಗಿಸಿ, ಕಡ್ಡಿಯಿಂದ ಹಲ್ಲಿನ ಸಂದಿ ಕೆದಕುತ್ತ ಕ್ಲಾಸಿಗೆ ಬಂದರು. ನಾನು ಪಾಠ ಹೇಳಿ ಬಟ್ಟಲು ಇಳಿಸಿದೆ. ಮರಿ ಮೂತಿಯನ್ನು ಪೂರ್ತಿ ಮುಳುಗಿಸಿ ಲೊಚಲೊಚ ನೆಕ್ಕಿತು. ಎರಡು ಹನಿ ಹಾಲು ಸಾಹೇಬರ ಬೂಟಿಗೆ ಸಿಡಿಯಿತು. ಅವರು ಬೂಟಿನ ತುದಿಯಿಂದಲೇ ಅದನ್ನು ಅತ್ತ ತಳ್ಳಿದರು. ಮಗುಚಿ ಬಿದ್ದ ಮರಿ ಎದ್ದು ಮತ್ತೆ ಬಟ್ಟಲಿಗೇ ಬಂತು.

"ಪ್ರಾಣಿಗಳಿಗೆ ಏನ ತೋರಸ್ಬೇಕು?" ಎಂದು ಸಾಹೇಬರು ಮಕ್ಕಳನ್ನು ಕೇಳಿದರು.

"ದಯೆ ರೀ" ಎಂದು ಇಡೀ ಕ್ಲಾಸು ಕೂಗಿತು. ಆ ಹುಡುಗಿ ಮಾತ್ರ ಬಾಯಿ ತೆರೆಯಲಿಲ್ಲ.

ಬರೀ ಹೊಟ್ಟೆಗೆ ಅಷ್ಟು ಹಾಲು ಬಿದ್ದರೆ ಏನಾಗಬೇಕು? ಮರಿ ಎಲ್ಲವನ್ನೂ ಕಕ್ಕಿತು. ಹೆಡ್ಮಾಸ್ತರು ಅದರ ಮೇಲೆ ಉಸುಕು ಹಾಕಿಸಿ, ನಗುತ್ತ ಸಾಹೇಬರನ್ನು ಹೊರಗೆ ಕರೆದೊಯ್ದರು. ಸಾಹೇಬರು ಬರೆದದ್ದು: ಮಕ್ಕಳಲ್ಲಿ ಪ್ರಾಣಿದಯೆ ಚೆನ್ನಾಗಿ ಮೂಡಿದೆ. ಇಷ್ಟೇ ಅಲ್ಲ, ಮುಂದಿನ ವಾರ ಬ್ಯಾಡಗಿಯ ಶಿಕ್ಷಕರ ಸಭೆಯಲ್ಲಿ ಇದೇ ಪಾಠವನ್ನು ಇದೇ ಮರಿಯೊಂದಿಗೆ ಮಾಡಿ ತೋರಿಸಬೇಕು, ವರ್ಗದ ಅರ್ಜಿ ಆಮೇಲೆ ನೋಡೋಣ ಅಂದರು. ಅವತ್ತು ಬಸ್ಸಿನಲ್ಲಿ ಕೂತವಳಿಗೆ ನನ್ನ ಕೈಯನ್ನೇ ಎಲ್ಲಾದರೂ ಒರೆಸಿಬಿಡಬೇಕು ಅನ್ನಿಸುತ್ತಿತ್ತು.

ಸಭೆಯ ದಿನ ಬೆಳಿಗ್ಗೆ ಆ ಮರಿ ಹುಡುಗಿಯ ಹಿಂದೆ ಶಾಲೆಯ ಗೇಟಿನವರೆಗೂ ಓಡಿಬಂದಿತ್ತು. ಅವಳು ಅದನ್ನು ಗದರಿಸಿ ಮನೆಗೆ ಅಟ್ಟಿದ್ದನ್ನು ಬಸ್ಸಿಳಿಯುತ್ತಲೇ ನೋಡಿದ್ದೆ. ಸ್ವಲ್ಪ ಹೊತ್ತಿಗೆ ಹೆಡ್ಮಾಸ್ತರು ಕ್ಲಾಸಿಗೆ ಬಂದರು.

"ಎಲ್ಲೈತವಾ ಮರಿ?"

ಅವಳು ಎದ್ದು ನಿಂತಳು. "ಸತ್ತು ಹೋತ್ರಿ ಸರ."

"ಯಾವಾಗ?"

"ನಿನ್ನೆ ರೀ."

"ನಾವ ಹೋಗಿ ಮಣ್ಣು ಮಾಡಿ ಬಂದೇವ್ರಿ" ಎಂದಿತು ಹಿಂದಿನ ಸಾಲು.

"ಊದಿನಕಡ್ಡಿನೂ ಹಚ್ಚೇವ್ರಿ" ಎಂದಳು ಕಿಟಕಿಯ ಪಕ್ಕದವಳು.

ಇಡೀ ಕ್ಲಾಸಿಗೆ ಸುಳ್ಳು ಹೇಳಿಕೊಟ್ಟವರು ಯಾರೋ ಗೊತ್ತಿಲ್ಲ, ನಾನಂತೂ ಅಲ್ಲ. ಹೆಡ್ಮಾಸ್ತರು ನನ್ನ ಕಡೆ ತಿರುಗಿದರು. "ಖರೇನ ಬಾಯಾರ?"

ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು.

"ಖರೇ ರೀ ಸರ. ನಾನೂ ಕಡೀ ಸಲ ಅದರ ಮಾರಿ ನೋಡಿ ಬಂದೇನಿ."

"ಮತ್ತ ಬ್ಯಾರೆದು ಹುಡುಕ್ರಿ. ಊರಾಗ ನಾಯಿಗೇನ ಬರ ಬಂದೈತೇನ?"

"ಗುರ್ತಿಲ್ಲದ ನಾಯಿ ಕಡೀತಾವ್ರಿ ಸರ. ಹಿಡಿಯೋರು ನೀವ. ಹೊಕ್ಕಳ ಸುತ್ತ ಹದಿನಾಕು ಇಂಜೆಕ್ಷನ್ ಅಂತ್ರಿ."

ಅವರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಹಾಗೇ ಹೊರಟುಹೋದರು. ಹುಡುಗಿ ಇನ್ನೂ ನಿಂತೇ ಇದ್ದಳು. "ಕುಂದ್ರವಾ" ಅಂದೆ. ಕೂತಳು. ನಗಲಿಲ್ಲ.

ಬ್ಯಾಡಗಿಯಲ್ಲಿ ಚಿತ್ರಪಟ ಹಿಡಿದು ಪಾಠ ಮಾಡಿದೆ. ಸಾಹೇಬರು ಅರ್ಧಕ್ಕೇ ಚಹಾ ತರಿಸಿದರು. ಆ ವರ್ಷ ವರ್ಗ ಆಗಲಿಲ್ಲ, ಮರುವರ್ಷವೂ ಆಗಲಿಲ್ಲ. ಅಷ್ಟರಲ್ಲಿ ಮರಿ ಬೆಳೆದು ದೊಡ್ಡ ನಾಯಿಯಾಯಿತು. ಬಸ್ಸಿನಿಂದ ಎಷ್ಟು ಜನ ಇಳಿದರೂ ಸುಮ್ಮನಿರುತ್ತಿತ್ತು, ನನ್ನನ್ನು ಕಂಡರೆ ಮಾತ್ರ ಶಾಲೆಯವರೆಗೂ ಬೊಗಳುತ್ತ ಬರುತ್ತಿತ್ತು. ಆ ಹುಡುಗಿ ಒಂದು ದಿನವೂ ಅದನ್ನು ಗದರಿಸಲಿಲ್ಲ. ಗದರಿಸು ಅಂತ ನಾನೂ ಹೇಳಲಿಲ್ಲ.