ಬಂಗಲೆ ಸೇರಿದ ಕರಿಯ

ನಂಜನಗೂಡಿನಿಂದ ನರಸೀಪುರಕ್ಕೆ ಕಪಿಲೆಯ ದಂಡೆ ಹಿಡಿದು ನಡೆಯುವಾಗೆಲ್ಲ ನನ್ನ ನಾಯಿ ಕರಿಯ ಜೊತೆಗಿರುತ್ತಿದ್ದ. ಒಂದು ಸಂಜೆ ಜೋರು ಮಳೆ ಬಂದು, ದಾರಿಯಲ್ಲಿದ್ದ ಮುಸಾಫರಿ ಬಂಗಲೆಯ ಜಗಲಿ ಹತ್ತಿದೆವು.

"ಇದು ದೊರೆಗಳ ಬಂಗ್ಲೆ ಕಣ್ರೀ, ಇಳೀರಿ," ಎಂದು ಕಾವಲುಗಾರ ಗದರಿದ.

ಅಷ್ಟರಲ್ಲಿ ಬಿಳಿಯ ದೊರೆಯೊಬ್ಬ ಹೊರಗೆ ಬಂದು, ಕರಿಯನ ತಲೆ ಸವರಿ, ಕಾವಲುಗಾರನಿಗೆ ಏನೋ ಹೇಳಿದ.

"ನಾಯಿ ಒಳಕ್ಕೆ ಬರ್ಲಂತೆ. ನೀವು ಕುದ್ರೆ ಲಾಯಕ್ಕೆ ಓಗಿ."

ನೆನೆದ ಬಟ್ಟೆಯಲ್ಲೇ ಲಾಯದಲ್ಲಿ ಮುದುರಿಕೊಂಡೆ. ಬೆಳಿಗ್ಗೆ ಎಷ್ಟು ಕರೆದರೂ, ಮಾಂಸದ ಮೂಳೆ ಕಡಿಯುತ್ತಿದ್ದ ಕರಿಯ ಬಾಲ ಅಲ್ಲಾಡಿಸಿದನೇ ಹೊರತು ದೊರೆಯ ಕಾಲ ಬುಡ ಬಿಟ್ಟು ಏಳಲಿಲ್ಲ. ದೊರೆ ನಕ್ಕ. ನನ್ನ ನಾಯಿ ಕೊಡಿ ಎಂದು ಕೇಳಲು ಬಾಯಿ ಬರಲಿಲ್ಲ. ಒಬ್ಬನೇ ನಡೆದು ಊರು ಸೇರಿದೆ.

"ಕರಿಯ ಎಲ್ರೀ?" ಎಂದಳು ಹೆಂಡತಿ.

"ಅವನಿಗೆ ಸರ್ಕಾರದಲ್ಲಿ ನೌಕರಿ ಸಿಕ್ತು ಕಣೇ," ಎಂದೆ.