‘ಸುಮ್ಮನೆ’ಯೊಳಗೆ ಒಂದು ‘ಮನೆ’

ಐರ್ಲೆಂಡಿನ ಗಾಲ್ವೇಯಲ್ಲಿ ಬಾಡಿಗೆ ಮನೆ ಹುಡುಕುತ್ತಿರುವವರಿಗೆ ತಾಳ್ಮೆಯ ಉಪದೇಶ ಮಾಡಬೇಡಿ, ಹೊಡೆದುಬಿಟ್ಟಾರು. ಆಗ ನಾನೂ ಹೊಡೆಯುವವರ ಸಾಲಿನಲ್ಲೇ ಇದ್ದೆ. ಗಂಡ ಡನ್‌ಡಾಕ್‌ನಲ್ಲಿ ಮಾಸ್ಟರ್ಸ್ ಮುಗಿಸಿ ಕೊನೆಗೂ ನಾನಿದ್ದ ಊರಲ್ಲೇ ಕೆಲಸ ಗಿಟ್ಟಿಸಿದ್ದ. ಇನ್ನು ಮೂರು ವಾರಕ್ಕೆ ಸೇರಬೇಕು. ಮದುವೆಯಾಗಿ ಎರಡು ವರ್ಷವಾಗಿದ್ದರೂ ನಾವಿಬ್ಬರೂ ಸಂಸಾರ ಮಾಡಿದ್ದು ಶನಿವಾರ, ಭಾನುವಾರ ಮಾತ್ರ, ಅದೂ ಅವನ ರೂಮ್‌ಮೇಟ್ ಊರಿಗೆ ಹೋದಾಗ. ನಾನಿದ್ದದ್ದು ಹೆಂಗಸರ ಷೇರಿಂಗ್ ಮನೆ. ಅಲ್ಲಿ ಗಂಡನಿಗೆ ಜಾಗವಿರಲಿಲ್ಲ. ಆ ಮೂರು ವಾರದಲ್ಲಿ ನಮಗೊಂದು ಮನೆ ಸಿಗಲೇಬೇಕಿತ್ತು.

ಊರಿನ ಕನ್ನಡದವರ ಮೆಸೇಜಿಂಗ್ ಗುಂಪಿನಲ್ಲಿ ಆಗೊಮ್ಮೆ ಈಗೊಮ್ಮೆ ಮನೆಯ ಸುದ್ದಿ ಬರುತ್ತಿತ್ತು. ಬಂದ ಹತ್ತು ನಿಮಿಷಕ್ಕೆ ಮನೆ ಮಾಯ. ನನ್ನ ಕೆಲಸವೋ ಪಾರ್ಕ್‌ಮೋರ್‌ನ ಕಾರ್ಖಾನೆಯೊಂದರ ಕ್ಲೀನ್‌ರೂಮಿನೊಳಗೆ, ಧೂಳಿಗೂ ಪ್ರವೇಶವಿಲ್ಲದ ಕೋಣೆ. ಅಲ್ಲಿಗೆ ಫೋನ್ ಒಯ್ಯುವಂತಿಲ್ಲ. ತಲೆಗೆ ಟೋಪಿ, ಮೂತಿಗೆ ಮಾಸ್ಕ್ ಹಾಕಿಕೊಂಡು ನಾನು ಹೃದಯಕ್ಕೆ ತೂರಿಸುವ ಕೊಳವೆಗಳನ್ನು ಪರೀಕ್ಷಿಸುತ್ತಿದ್ದರೆ, ಹೊರಗೆ ಯಾರೋ ಪುಣ್ಯಾತ್ಮರು ‘ಇಂಟರೆಸ್ಟೆಡ್’ ಎಂದು ಒಂದೇ ಪದ ಒಗೆದು ಮನೆ ಹೊಡೆದುಕೊಂಡು ಹೋಗಿರುತ್ತಿದ್ದರು. ಹೊಟ್ಟೆ ಉರಿದು ಹೋಗುತ್ತಿತ್ತು.

ಅದಕ್ಕೇ ಒಂದು ಬಾಟ್ ಬರೆದೆ. ನಾನಿಲ್ಲದಾಗ ನನ್ನ ಪರವಾಗಿ ಉತ್ತರ ಕೊಡುವ ಪ್ರಾಣಿ. ಬರೆದದ್ದು ಶೆಲ್ ಸ್ಕ್ರಿಪ್ಟಿನಲ್ಲಿ, ಅಂದರೆ ಕಂಪ್ಯೂಟರಿಗೆ ಒಂದರ ಕೆಳಗೊಂದು ಬರೆದುಕೊಡುವ ಅಪ್ಪಣೆಗಳು. ಗುಂಪಿನ ಹೊಸ ಸಂದೇಶ ಎಳೆದು ತಾ, ಅದರಲ್ಲಿ ‘ಮನೆ’ ಇದೆಯಾ ಹುಡುಕು, ಇದ್ದರೆ ಉತ್ತರ ಕಳಿಸು, ಐದು ಸೆಕೆಂಡ್ ಮಲಗು, ಎದ್ದು ಮತ್ತೆ ನೋಡು. ಮೂವತ್ತು ಸಾಲಿಗೆ ಮುಗಿಯಿತು.

“ಈ ಕಾಲದಲ್ಲಿ ಯಾರಾದ್ರೂ ಶೆಲ್ ಸ್ಕ್ರಿಪ್ಟಲ್ಲಿ ಬಾಟ್ ಬರೀತಾರೇನೇ? ಎಐ ಹಾಕೋದಲ್ವಾ?” ಎಂದು ಗಂಡ ಫೋನಿನಲ್ಲೇ ನಕ್ಕ.

“ನಿನ್ನ ಮಾಸ್ಟರ್ಸ್ ಪ್ರಾಜೆಕ್ಟ್ ಡೆಮೋ ದಿನಾನೇ ಮಲಗ್ತಲ್ಲ. ನಂದು ಓಡ್ತಾ ಐತೆ, ಮುಚ್ಕೊಂಡಿರು,” ಅಂದೆ.

ಗುಂಪಿನ ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟುತ್ತಿದ್ದರು. ಹಾಗಾಗಿ ನಾನು ಹುಡುಕಲು ಹೇಳಿದ್ದು ಎಂ, ಎ, ಎನ್, ಇ ಎಂಬ ನಾಲ್ಕು ಅಕ್ಷರ. ಬೆಂಗಳೂರಿನ ಇಬ್ಬರು ಗೆಳತಿಯರ ಜೊತೆ ಎರಡು ದಿನ ಪರೀಕ್ಷೆ ಮಾಡಿದೆ, ಒಂದು ತಪ್ಪೂ ಇಲ್ಲ. ಗುಂಪಿನ ಅಡ್ಮಿನ್ ಮಂಗಳೂರಿನ ಹಿರಿಯರು, ಇಲ್ಲಿನ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಅವರ ಒಪ್ಪಿಗೆ ಪಡೆದು ಬಾಟನ್ನು ಗುಂಪಿಗೆ ಸೇರಿಸಿ, ಬೀಗುತ್ತಾ ಕ್ಲೀನ್‌ರೂಮಿಗೆ ಹೋದೆ.

ನಾವು ಬೆಂಗಳೂರಿನವರು ‘ಸುಮ್ನೆ’ ಅನ್ನುತ್ತೇವೆ, ಹಾಗೇ ಬರೆಯುತ್ತೇವೆ. ಕರಾವಳಿಯವರು ಅಕ್ಷರ ನುಂಗುವ ಜನವಲ್ಲ. ‘ಸುಮ್ಮನೆ’ ಎಂದು ಪೂರ್ತಿ ಬರೆಯುತ್ತಾರೆ. ಅದರ ಬಾಲದಲ್ಲೊಂದು ಮನೆ ಇದೆ.

ಮೊದಲು ಉಡುಪಿಯ ಅಕ್ಕ ಒಬ್ಬರು ಬರೆದರು: “ಸುಮ್ಮನೆ ಕೇಳಿದ್ದು, ಯುಗಾದಿಗೆ ಹೋಳಿಗೆ ಯಾರು ಮಾಡ್ತೀರಿ?” ನನ್ನ ಬಾಟ್ ತಕ್ಷಣ ಹೇಳಿತು: “ನಮಸ್ಕಾರ. ನಾವು ಗಂಡ ಹೆಂಡತಿ ಇಬ್ಬರೇ. ನಮಗೆ ಬೇಕು. ಯಾವಾಗ ಬಂದು ನೋಡಲಿ?”

ಹಿರಿಯರು ನಡುವೆ ಬಂದರು. “ಎಂತ ಮಾರಾಯ್ತಿ ಇದು? ಸುಮ್ಮನೆ ಇರ್ಲಿಕ್ಕೆ ಹೇಳಿ ಅದಕ್ಕೆ.”

“ನಮಸ್ಕಾರ. ನಾವು ಗಂಡ ಹೆಂಡತಿ ಇಬ್ಬರೇ.”

“ಸುಮ್ಮನೆ ಇರು ಅಂದೆನಲ್ಲ!”

“ನಮಸ್ಕಾರ. ನಾವು ಗಂಡ ಹೆಂಡತಿ ಇಬ್ಬರೇ.”

ಅಷ್ಟರಲ್ಲಿ ಗುಂಪಿನ ಪಡ್ಡೆಗಳಿಗೆ ಗುಟ್ಟು ತಿಳಿದುಹೋಗಿತ್ತು. ಮಾಸ್ಟರ್ಸ್ ಓದಲು ಬಂದವರು ಓದು ಬಿಟ್ಟು ‘ಸುಮ್ಮನೆ, ಸುಮ್ಮನೆ’ ಎಂದು ಒತ್ತುತ್ತಾ ಕೂತರು. ಊಟದ ಬಿಡುವಿನಲ್ಲಿ ಲಾಕರ್ ತೆಗೆದರೆ, ನಾವು ಗಂಡ ಹೆಂಡತಿ ಇಬ್ಬರೇ ಎಂಬ ಸಂಗತಿ ಗಾಲ್ವೇಯ ಸಮಸ್ತ ಕನ್ನಡಿಗರಿಗೂ ಬಾಯಿಪಾಠವಾಗಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆ ಬಂದು ಸರಿ ಮಾಡಿದೆ. ‘ಮನೆ’ ಒಂಟಿ ಪದವಾಗಿ ನಿಂತಿದ್ದರೆ ಮಾತ್ರ ಬಾಯಿ ತೆಗೆ ಎಂದೆ. ಹಿರಿಯರಿಗೆ ಫೋನ್ ಮಾಡಿ ತಪ್ಪಾಯಿತೆಂದು ಕೇಳಿಕೊಂಡೆ. ಗಂಡ ಬರುವುದು, ಮನೆ ಸಿಗದಿರುವುದು ಎಲ್ಲ ಹೇಳಿದೆ. “ಹೋಗ್ಲಿ ಬಿಡಿ. ನನಗೆ ಗೊತ್ತಾದ್ರೆ ಮೊದಲು ನಿಮಗೇ,” ಅಂದರು. ಒಳ್ಳೆಯ ಮಾತು, ಎಲ್ಲರೂ ಆಡುತ್ತಾರೆ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮುಂದಿನ ವಾರ ಬಾಟ್ ತೆಪ್ಪಗಿತ್ತು. ಗುರುವಾರ ಕೆಲಸ ಮುಗಿಸಿ ಲಾಕರಿನಿಂದ ಫೋನ್ ತೆಗೆದಾಗ ಹಿರಿಯರ ಎರಡು ಮಿಸ್ಡ್ ಕಾಲ್. ಗುಂಪಿನಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಅವರದೇ ಸಂದೇಶ, ಅಚ್ಚ ಕನ್ನಡ ಲಿಪಿಯಲ್ಲಿ: “ನನ್ನ ಹಳೆಯ ಸಹೋದ್ಯೋಗಿಯ ಒಂದು ಮನೆ ಖಾಲಿ ಇದೆ. ಗಂಡ ಹೆಂಡತಿಗೆ ಮಾತ್ರ.” ಅದರ ಕೆಳಗೆ ನನ್ನ ಬಾಟ್ ಇಲ್ಲ. ಬೇರೊಬ್ಬರ ‘ಇಂಟರೆಸ್ಟೆಡ್’ ಇದೆ.

ಅಲ್ಲೇ ನಿಂತು ಅವರಿಗೆ ಫೋನ್ ಮಾಡಿದೆ.

“ನೀವು ಫೋನ್ ಎತ್ಲಿಲ್ಲ, ನಿಮ್ಮ ಯಂತ್ರವಾದ್ರೂ ಹೇಳ್ಲಿ ಅಂತ ಗುಂಪಿಗೆ ಹಾಕಿದೆ. ಒಂದು ಗಂಟೆ ತಡೆದು ಹಿಡಿದೆ ಮಾರಾಯ್ತಿ. ಆಮೇಲೆ ಓನರ್ ಕಾಯುದಿಲ್ಲ ಅಂದ್ರು, ಕೊಟ್ಟಾಯ್ತು,” ಅಂದರು. ಆಮೇಲೆ, ತಮ್ಮದೇ ತಪ್ಪೇನೋ ಅನ್ನುವ ದನಿಯಲ್ಲಿ, “ನಿಮ್ಮ ಯಂತ್ರಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ ತಲೆ ಕೆಡ್ತದೆ ಅಲ್ವಾ? ಅದಕ್ಕೇ ಕನ್ನಡ ಕೀಬೋರ್ಡ್ ಹಾಕಿಸಿಕೊಂಡು ಅರ್ಧ ಗಂಟೆ ಕೂತು ಬರೆದೆ. ಏನಾದ್ರೂ ತಪ್ಪು ಬರೆದಿದ್ದೆನಾ?”

“ಇಲ್ಲ ಅಂಕಲ್. ನೀವು ಸರಿಯಾಗೇ ಬರ್ದಿದೀರಿ,” ಅಂದೆ. “ನನ್ನ ಬಾಟ್‌ಗೆ ಕನ್ನಡ ಬರಲ್ಲ. ನಾನೇ ಹೇಳಿಕೊಟ್ಟಿಲ್ಲ.”

ಬಸ್ ಸ್ಟಾಪಿಗೆ ನಡೆಯುತ್ತಾ ಗಂಡನಿಗೆ ಫೋನ್ ಮಾಡಿ, ಗಾಲ್ವೇಯಲ್ಲಿ ಗಂಡಸರ ಷೇರಿಂಗ್ ಮನೆಯಲ್ಲೇ ಒಂದು ಹಾಸಿಗೆ ನೋಡಿಕೋ ಅಂದೆ.