ಕೂಗುವುದು ಬೇರೆ, ಕರೆಯುವುದು ಬೇರೆ

ಸೈಲೆನ್ಸರ್ ಸುಟ್ಟ ಕಲೆ ಅಕ್ಕೋರ ಬಲಗಾಲಿನ ಮೀನಖಂಡದ ಮೇಲೆ ಅಂಗೈ ಅಗಲ ಇತ್ತು. ಕಲಿಯುವವರ ಗಾಡಿ ಹಿಡಿದುಕೊಂಡು, ಸೀರೆ ಎತ್ತಿ ಸಿಕ್ಕಿಸಿ ಮೈದಾನದಲ್ಲಿ ಓಡುವಾಗ ಅದು ಎಲ್ಲರಿಗೂ ಕಾಣುತ್ತಿತ್ತು. ಯಾರಾದರೂ ಕನಿಕರಪಟ್ಟರೆ, "ಇದು ನನ್ನ ಲೈಸೆನ್ಸ್ ರೀ" ಎಂದು ನಗುತ್ತಿದ್ದರು.

ಧಾರವಾಡದ ಹೆಂಗಸರಿಗೆ ಸ್ಕೂಟರ್ ಕಲಿಸುವುದು ಅವರ ಕಸುಬು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ಇವರು ಶಾಲೆಯಿಲ್ಲದ ಅಕ್ಕೋರು. ತೊಂಬತ್ತರ ದಶಕದಲ್ಲಿ ನಮ್ಮವ್ವ ಅವರ ಕೈಯಲ್ಲೇ ಪಳಗಿದವಳು. ಮುಂದೆ ಊರಲ್ಲಿ ದೊಡ್ಡ ಡ್ರೈವಿಂಗ್ ಸ್ಕೂಲುಗಳಾಗಿ, ಅಕ್ಕೋರ ಹತ್ತಿರ ಬರುವವರೇ ಇಲ್ಲದಂತಾಯಿತು. ಗಂಡ ತೀರಿದ ಮೇಲೆ ಅವರು ಒಬ್ಬರೇ ಇದ್ದರು. ಅವರ ಅಣ್ಣ ಕಮರಿಪೇಟೆಯಿಂದ ಬಂದು ಕಡ್ಡಿ ಮುರಿದ ಹಾಗೆ ಹೇಳಿದರು: "ದಸರಾಕ್ಕ ಮತ್ತ ಬರ್ತೇನಿ. ಅಷ್ಟರಾಗ ಮಂದಿ ಬರಲಿಲ್ಲಂದ್ರ ಗಾಡಿ ಮಾರಿ ನಮ್ಮ ಮನಿಗೆ ನಡಿ."

ಆ ಮನೆಯಲ್ಲಿ ತನಗಾಗಿ ಕಾದಿರುವುದು ಒಲೆ ಮಾತ್ರ ಎಂದು ಅಕ್ಕೋರಿಗೆ ಗೊತ್ತಿತ್ತು. "ಸತ್ರೂ ಹೋಗೂದಿಲ್ಲ" ಎಂದು ಜಾಹೀರಾತಿಗೆ ಇಳಿದರು.

ಮೊದಲು ಆಟೋಗೆ ಮೈಕು ಕಟ್ಟಿಸಿದರು. ಕಲಿಯುವವರ ಬದಲು, ಹೆಂಗಸರು ಬೀಳುವುದನ್ನು ನೋಡಲು ಪಡ್ಡೆ ಹುಡುಗರು ಬಂದು ಮೈದಾನದ ಕಟ್ಟೆಯ ಮೇಲೆ ಸಾಲಾಗಿ ಕೂತರು. ಕೇಬಲ್ ಟೀವಿಯ ಕೆಳಗೆ ಓಡುವ ಅಕ್ಷರಗಳಲ್ಲಿ ನಂಬರು ಹಾಕಿಸಿದರೆ, ಫೋನೆತ್ತಿದಾಗೆಲ್ಲ ಗಂಡಸರ ದನಿ: "ನಮಗೂ ಕಲಸ್ತೀರೇನ್ರಿ?" ಅಕ್ಕೋರು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದಲ್ಲ.

ನಾನಾಗ ಎಂ.ಎ. ಓದುತ್ತಿದ್ದೆ, ಆರ್ಕುಟ್ ಎಂಬ ಜಾಲತಾಣದ ಹುಚ್ಚು ನೆತ್ತಿಗೇರಿತ್ತು. ಅವರನ್ನು ಸೈಬರ್ ಕೆಫೆಗೆ ಕರೆದೊಯ್ದು, "ಎಲ್ಲಾರಿಗೂ ಸ್ಕ್ರ್ಯಾಪ್ ಹಾಕೂಣ್ರಿ ಅಕ್ಕೋರ" ಎಂದೆ. ಉರಿದುಬಿದ್ದರು.

"ನನ್ನ ಗಾಡಿ ಇನ್ನೂ ಛಲೋ ಓಡಾಕತ್ತೈತಿ. ಸ್ಕ್ರ್ಯಾಪಿಗೆ ಯಾಕ ಹಾಕ್ಲಿ?"

ಇದು ಗುಜರಿಯ ಮಾತಲ್ಲ, ಇಲ್ಲಿ ಒಬ್ಬರ ಪುಟದಲ್ಲಿ ಇನ್ನೊಬ್ಬರು ಎಲ್ಲರಿಗೂ ಕಾಣುವಂತೆ ಬರೆಯುವುದಕ್ಕೆ ಸ್ಕ್ರ್ಯಾಪ್ ಅನ್ನುತ್ತಾರೆ ಎಂದು ತಿಳಿಸುವಷ್ಟರಲ್ಲಿ ಸಾಕುಸಾಕಾಯಿತು. ಒಂದೇ ಒಕ್ಕಣೆಯನ್ನು ಗೆಳತಿಯರ ಪುಟಗಳಿಗೆಲ್ಲ ಅಂಟಿಸಿದೆ. ವಾರ ಕಳೆದರೂ ಒಬ್ಬಳ ಸುಳಿವಿಲ್ಲ.

"ಹೆಂಗ ಬರ್ತಾರ?" ಎಂದರು ಅಕ್ಕೋರು. "ಇದೂ ಆಟೋದ ಮೈಕ ಆತು. ಕೂಗೂದು ಬ್ಯಾರೆ, ಕರಿಯೂದು ಬ್ಯಾರೆ. ಲಗ್ನಕ್ಕ ಕರಿಯೂ ಮುಂದ ಓಣ್ಯಾಗ ನಿಂತು ಕೂಗತಾರೇನು? ಮನಿಮನಿಗೆ ಹೋಗಿ ಹೆಸರ ಹಿಡದು ಕರೀತಾರ."

ಅಂದಿನಿಂದ ಅವರು ಹೇಳುವುದು, ನಾನು ಬರೆಯುವುದು. ಒಬ್ಬೊಬ್ಬಳಿಗೂ ಅವಳದೇ ಹೆಸರು, ಅವಳ ಮನೆಯವರ ಯೋಗಕ್ಷೇಮ, ಕಡೆಗೆ ಅಕ್ಕೋರ ಫೋನ್ ನಂಬರಿನ ಜೊತೆ ಈ ಪ್ರಶ್ನೆ: "ನೀ ಬೀಳಾಕ ಅಂಜತೀಯೋ, ನೋಡವರಿಗೆ ಅಂಜತೀಯೋ?" ಒಬ್ಬಳು ಅಲ್ಲೇ ಉತ್ತರ ಬರೆದಾಗ ತಕ್ಷಣ ಅಳಿಸಲು ಹೇಳಿದರು. "ಕರದದ್ದು ನಾಕ ಮಂದಿಗೆ ಕಾಣಲಿ. ಅಂಜಿಕಿ ಮಾತು ಫೋನಿನ್ಯಾಗ ಇರಲಿ." ಹುಡುಗಿಯರು ಫೋನ್ ಮಾಡಿದರು, ಆಮೇಲೆ ಬಂದರು, ಬಂದವರು ತಮ್ಮ ಅವ್ವಂದಿರನ್ನೂ ಎಳೆದು ತಂದರು.

ದಸರೆಗೆ ಅಣ್ಣ ಬಂದಾಗ ಮೈದಾನದಲ್ಲಿ ಅವರಿಗೆ ನಿಲ್ಲಲು ಜಾಗ ಸಿಗಲಿಲ್ಲ. ಸಂಜೆ ಅಕ್ಕೋರೇ ಅವರನ್ನು ಹಿಂದಿನ ಸೀಟಿಗೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಟ್ಟುಬಂದರು. ಅಂದು ನನಗಾದಷ್ಟು ಖುಷಿ ಎಂ.ಎ. ಪಾಸಾದಾಗಲೂ ಆಗಲಿಲ್ಲ.

ಕೆಲವೇ ವರ್ಷಗಳಲ್ಲಿ ಅಕ್ಕೋರು ಹೃದಯಾಘಾತದಿಂದ ತೀರಿಕೊಂಡರು. "ಆರ್ಕುಟ್‌ನಾಗ ಹಾಕು, ಎಲ್ಲಾರಿಗೂ ಲಗೂ ಗೊತ್ತಾಗತೈತಿ" ಎಂದಳು ಒಬ್ಬ ಗೆಳತಿ. ನನಗೆ ಮನಸ್ಸಾಗಲಿಲ್ಲ. ಅಳುತ್ತಲೇ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದೆ. ಅವರಿಂದ ಕಲಿತ ಹೆಂಗಸರೆಲ್ಲ ಸ್ಕೂಟರ್ ಮೇಲೆ ಸ್ಮಶಾನದವರೆಗೂ ಬಂದರು.

ಗೇಟಿನಲ್ಲಿ ಅಣ್ಣ ಕೈ ಅಡ್ಡ ಹಿಡಿದರು. "ಹೆಣ್ಮಕ್ಕಳು ಒಳಗ ಬರಬಾರದವಾ, ಇಲ್ಲಿಂದನ ಹೊಳ್ಳಿ ಹೋಗ್ರಿ."

ನಮ್ಮವ್ವ ಗಾಡಿಗೆ ಸ್ಟ್ಯಾಂಡ್ ಹಾಕಿ, ಕೀಲಿ ತೆಗೆದುಕೊಂಡು, ಆ ಕೈಯನ್ನು ಮೆಲ್ಲಗೆ ಸರಿಸಿ ಒಳಗೆ ನಡೆದಳು. ನಾವೆಲ್ಲ ಅವಳ ಹಿಂದೆ ಹೋದೆವು.